ಮೊದಲು ಸೇರಿಸಿ, ಆಮೇಲೆ ಬಿಡಿ

ಈ ತಿಂಗಳು ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಸಸ್ಯಮೂಲದ ಊಟದ ಬಗ್ಗೆಯೇ ಇವೆ. ಕೆಲವರಿಗೆ ಸ್ವಂತ ಆರೋಗ್ಯದ ಚಿಂತೆ, ಕೆಲವರಿಗೆ ಭೂಮಿಯ ಚಿಂತೆ, ಇನ್ನು ಕೆಲವರಿಗೆ ಮನೆಯೊಳಗಿನ ಜಗಳದ ಚಿಂತೆ. ನಾನು 31 ವರ್ಷ ಆಸ್ಪತ್ರೆಯ ಅಡುಗೆಮನೆಯಲ್ಲಿ ರೋಗಿಗಳ ಊಟವನ್ನು ತಕ್ಕಡಿಯಲ್ಲಿ ತೂಗಿ ಕಳುಹಿಸಿದವಳು. ಹಾಗಾಗಿ ಉತ್ತರಗಳಲ್ಲಿ ಗ್ರಾಂ ಲೆಕ್ಕ ಸ್ವಲ್ಪ ಹೆಚ್ಚೇ ಬರುತ್ತದೆ. ಲೆಕ್ಕವಿಲ್ಲದ ಸಲಹೆಯಿಂದ ಜನ ಕಷ್ಟಪಟ್ಟಿದ್ದನ್ನು ನೋಡಿದ್ದೇನೆ.

ಪ್ರಶ್ನೆ: ನನ್ನ ಮಗನಿಗೆ 17 ವರ್ಷ. ಭೂಮಿ ಬಿಸಿಯಾಗುತ್ತಿದೆ, ಇನ್ನು ಮೇಲೆ ಮಾಂಸ ಮುಟ್ಟುವುದಿಲ್ಲ ಎಂದು ಒಂದು ದಿನ ಇದ್ದಕ್ಕಿದ್ದಂತೆ ಹೇಳಿಬಿಟ್ಟ. ಅವನ ತಂದೆಗೆ ಇದು ಹುಚ್ಚಾಟದಂತೆ ಕಾಣುತ್ತದೆ. ರಾತ್ರಿ ಊಟಕ್ಕೆ ಕುಳಿತರೆ ವಾಗ್ವಾದ ಶುರು. ಎರಡೆರಡು ಬಗೆಯ ಅಡುಗೆ ಮಾಡಿ ನಾನು ಸೋತಿದ್ದೇನೆ. ಅವನ ಮಾತಿನಲ್ಲಿ ಹುರುಳಿದೆಯೇ, ಮೇಡಂ? — ಒಬ್ಬ ತಾಯಿ

ಉತ್ತರ: ಹುರುಳಿದೆ ತಾಯಿ, ಚೆನ್ನಾಗಿಯೇ ಇದೆ. 2018ರಲ್ಲಿ ಜೋಸೆಫ್ ಪೂರ್ ಮತ್ತು ಥಾಮಸ್ ನೆಮೆಚೆಕ್ ಎಂಬ ಇಬ್ಬರು ಸಂಶೋಧಕರು 119 ದೇಶಗಳ ಸುಮಾರು 38,700 ಹೊಲ ಮತ್ತು ಸಾಕಣೆ ಕೇಂದ್ರಗಳ ಲೆಕ್ಕವನ್ನು ಒಟ್ಟುಗೂಡಿಸಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. 100 ಗ್ರಾಂ ಪ್ರೋಟೀನ್ ನಮ್ಮ ತಟ್ಟೆಗೆ ಬರಬೇಕಾದರೆ ಭೂಮಿಯನ್ನು ಬಿಸಿ ಮಾಡುವ ಹಸಿರುಮನೆ ಅನಿಲ, ಇಂಗಾಲದ ಡೈಆಕ್ಸೈಡ್‌ಗೆ ಸಮನಾಗಿ ಅಳೆದರೆ, ಎಷ್ಟು ಗಾಳಿಗೆ ಸೇರುತ್ತದೆ ಎಂಬುದು ಅದರಲ್ಲಿನ ಒಂದು ಲೆಕ್ಕ. ಮಾಂಸಕ್ಕೆಂದೇ ಸಾಕಿದ ದನದಿಂದ ಬಂದರೆ ಸರಾಸರಿ 50 ಕಿಲೋ, ಕೋಳಿಯಿಂದ ಬಂದರೆ 6 ಕಿಲೋಗೆ ಸ್ವಲ್ಪ ಕಡಿಮೆ, ಮೊಟ್ಟೆಯಿಂದ 4 ಕಿಲೋ ಆಸುಪಾಸು, ಬಟಾಣಿಯಿಂದ ಅರ್ಧ ಕಿಲೋಗಿಂತ ಕಡಿಮೆ. ದನದ ಮಾಂಸಕ್ಕೂ ಬಟಾಣಿಗೂ ನೂರು ಪಟ್ಟಿಗಿಂತ ಹೆಚ್ಚಿನ ಅಂತರ.

ಇಷ್ಟು ಅಂತರ ಏಕೆ ಎಂಬುದನ್ನು ನಿಮ್ಮ ಮನೆಯವರಿಗೆ ಹೀಗೆ ಹೇಳಿ ನೋಡಿ. ಮೆಲುಕು ಹಾಕುವ ಪ್ರಾಣಿಯ ಮೊದಲ ಹೊಟ್ಟೆಯಲ್ಲಿ ಹುಲ್ಲು ಕೊಳೆಯುವಾಗ ಸೂಕ್ಷ್ಮಜೀವಿಗಳು ಮೀಥೇನ್ ಅನಿಲವನ್ನು ಉತ್ಪಾದಿಸುತ್ತವೆ, ಪ್ರಾಣಿ ಅದನ್ನು ತೇಗಿನಲ್ಲಿ ಹೊರಹಾಕುತ್ತದೆ. ನೂರು ವರ್ಷಗಳ ಅವಧಿಯಲ್ಲಿ ಅಳೆದರೆ, ಒಂದು ಕಿಲೋ ಮೀಥೇನ್ ಒಂದು ಕಿಲೋ ಇಂಗಾಲದ ಡೈಆಕ್ಸೈಡ್‌ಗಿಂತ 27 ಪಟ್ಟು ಅಥವಾ ಅದಕ್ಕೂ ಹೆಚ್ಚು ಶಾಖವನ್ನು ಹಿಡಿದಿಡುತ್ತದೆ. ಆದರೆ ಅದು ಗಾಳಿಯಲ್ಲಿ ಉಳಿಯುವುದು ಸರಾಸರಿ 12 ವರ್ಷ ಮಾತ್ರ. ನಾವು ಇಂದು ಕಡಿಮೆ ಮಾಡಿದರೆ ಅದರ ಫಲವನ್ನು ನಿಮ್ಮ ಮಗನೇ ತನ್ನ ಮೂವತ್ತರ ಪ್ರಾಯದಲ್ಲಿ ಕಾಣಬಹುದು. ನನಗೆ ಈ ವಿಷಯದಲ್ಲಿ ಧೈರ್ಯ ಬರುವುದು ಇದರಿಂದಲೇ.

ಇನ್ನೊಂದು ಕಾರಣ ನೆಲ. ಪ್ರಾಣಿ ತಿಂದದ್ದರಲ್ಲಿ ಹೆಚ್ಚಿನ ಪಾಲು ಅದು ಉಸಿರಾಡಲು, ಓಡಾಡಲು, ಮೈ ಬೆಚ್ಚಗಿಡಲು ಖರ್ಚಾಗಿಬಿಡುತ್ತದೆ, ನಮಗೆ ಸಿಗುವುದು ಮಿಕ್ಕ ಸ್ವಲ್ಪ. ಅದೇ ಅಧ್ಯಯನದ ಪ್ರಕಾರ ಮಾಂಸ, ಹಾಲು, ಮೊಟ್ಟೆ, ಸಾಕಿದ ಮೀನು ಎಲ್ಲವೂ ಸೇರಿ ಜಗತ್ತಿನ ಕೃಷಿಭೂಮಿಯ 83% ಭಾಗವನ್ನು ಬಳಸಿಕೊಂಡು, ನಮಗೆ 37% ಪ್ರೋಟೀನ್ ಮತ್ತು 18% ಕ್ಯಾಲೊರಿಯನ್ನು ಕೊಡುತ್ತವೆ. ದ್ವಿದಳ ಧಾನ್ಯಗಳದ್ದು ಇದಕ್ಕೆ ತದ್ವಿರುದ್ಧ. ಅವುಗಳ ಬೇರಿನ ಗಂಟುಗಳಲ್ಲಿ ನೆಲೆಸಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಒದಗಿಸುತ್ತವೆ. ಹೀಗಾಗಿ ಕಾರ್ಖಾನೆಯಿಂದ ಬರುವ ಸಾರಜನಕ ಗೊಬ್ಬರ ಅವುಗಳಿಗೆ ಬಹಳ ಕಡಿಮೆ ಸಾಕು.

ಮಗನಿಗೂ ಒಂದು ಮಾತು ಹೇಳಬೇಕು. ಎಲ್ಲ ಮಾಂಸವೂ ಒಂದೇ ಅಲ್ಲ, ಎಲ್ಲ ಜನರ ಸ್ಥಿತಿಯೂ ಒಂದೇ ಅಲ್ಲ. ಬೆಳೆ ಬಾರದ ಒಣಭೂಮಿಯಲ್ಲಿ ಪಶು ಸಾಕಿ ಬದುಕುವವರಿಗೆ, ಅಪೌಷ್ಟಿಕತೆಯಿಂದ ಬಳಲುವ ಮಗುವಿಗೆ, ಒಂದು ಲೋಟ ಹಾಲು ಅಥವಾ ಒಂದು ಮೊಟ್ಟೆಯ ಬೆಲೆ ಬೇರೆಯೇ. ತಂದೆಯನ್ನು ಅಪರಾಧಿಯ ಸ್ಥಾನದಲ್ಲಿ ನಿಲ್ಲಿಸುವ ಹಕ್ಕು ಆ ಅಂಕಿಗಳಿಂದ ಅವನಿಗೆ ಬರುವುದಿಲ್ಲ.

ಎರಡು ಬಗೆಯ ಅಡುಗೆಯನ್ನು ನಿಲ್ಲಿಸಿಬಿಡಿ. ಆಸ್ಪತ್ರೆಯ ಸಿಬ್ಬಂದಿಯ ಊಟದಿಂದ ಒಮ್ಮೆ ನಾವು ಮಾಂಸದ ಪದಾರ್ಥವನ್ನು ತೆಗೆದುಹಾಕಿದೆವು. ಆ ವಾರ ಎಂಜಲಿನ ಬಕೆಟ್ಟುಗಳನ್ನು ನಾನೇ ತೂಗಿಸಿದೆ, ಹಿಂದೆಂದೂ ಅಷ್ಟು ಭಾರವಿರಲಿಲ್ಲ. ಮರುತಿಂಗಳು ಬೇರೆ ದಾರಿ ಹಿಡಿದೆವು. ಯಾವುದನ್ನೂ ತೆಗೆಯದೆ, ಬೆಂದ ಕಾಳಿನ ದೊಡ್ಡ ಪಾತ್ರೆಯನ್ನು ಸಾಲಿನಲ್ಲಿ ಮೊದಲು ಇಟ್ಟೆವು, ಮಾಂಸದ ಪದಾರ್ಥದಲ್ಲಿ ಅರ್ಧ ಭಾಗ ಬೇಳೆ ಬೆರೆಸಿದೆವು. ಬಕೆಟ್ ಹಗುರವಾಯಿತು. ಯಾರೂ ದೂರು ಹೇಳಲಿಲ್ಲ, ಕೆಲವರು ಬಂದು ಹೇಗೆ ಮಾಡಿದಿರಿ ಎಂದು ಕೇಳಿದರು. ಅಂದಿನಿಂದ ಯಾರಿಗೇ ಆಗಲಿ ನಾನು ಹೇಳುವುದು, ಮೊದಲು ಸೇರಿಸಿ, ಬಿಡುವುದು ಆಮೇಲೆ ತಾನಾಗಿ ಆಗುತ್ತದೆ. ನಿಮ್ಮ ಮನೆಯಲ್ಲೂ ಕಾಳಿನ ಪದಾರ್ಥವೇ ಎಲ್ಲರ ಊಟದ ನಡುವೆ ಇರಲಿ. ಬೇಕೆಂದವರಿಗೆ ವಾರದಲ್ಲಿ ಒಂದೆರಡು ದಿನ ಪಕ್ಕದಲ್ಲಿ ಚಿಕ್ಕ ಬಟ್ಟಲಿನಲ್ಲಿ ಮಾಂಸವಿರಲಿ. 2019ರಲ್ಲಿ ‘ಈಟ್-ಲ್ಯಾನ್ಸೆಟ್’ ಆಯೋಗದ 37 ವಿಜ್ಞಾನಿಗಳು ಮನುಷ್ಯರಿಗೂ ಭೂಮಿಗೂ ಹೊಂದುವ ಊಟದ ಅಳತೆ ಕೊಟ್ಟಾಗ ಕೆಂಪು ಮಾಂಸಕ್ಕೆ ಇಟ್ಟ ಪಾಲು ದಿನಕ್ಕೆ ಸುಮಾರು 14 ಗ್ರಾಂ, ಅಂದರೆ ವಾರಕ್ಕೆ 100 ಗ್ರಾಂ ಹತ್ತಿರ. ಒಣ ಕಾಳು, ಬೇಳೆ, ಸೋಯಾ ಸೇರಿ ದಿನಕ್ಕೆ 75 ಗ್ರಾಂ. ನಿಮ್ಮ ಮನೆಯವರು ಇದನ್ನು ಒಪ್ಪಿಯಾರು ಎಂದು ನನ್ನ ನಂಬಿಕೆ. ವಾರದಲ್ಲಿ ಎರಡು ದಿನ ಅಡುಗೆ ಮಗನದ್ದಾಗಲಿ, ಅದನ್ನು ಮಾತ್ರ ಬಿಟ್ಟುಕೊಡಬೇಡಿ.

ಪ್ರಶ್ನೆ: ಕಟ್ಟಡದ ಕೆಲಸ, ದಿನವಿಡೀ ಭಾರ ಹೊರುತ್ತೇನೆ. ತೂಕ 70 ಕಿಲೋ. ಕಾಳು ತಿಂದರೆ ತೋಳಿಗೆ ಬಲ ಬರುತ್ತದೆಯೇ? ಜೊತೆಯವರು ನಗುತ್ತಾರೆ. — ಒಬ್ಬ ಕಾರ್ಮಿಕ

ಉತ್ತರ: ಬರುತ್ತದೆ, ತಕ್ಕಡಿ ಹಿಡಿದೇ ನೋಡೋಣ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು, ನಿಮಗೆ ಸುಮಾರು 58 ಗ್ರಾಂ. ನಿಮ್ಮದು ಬೆವರು ಸುರಿಸುವ ದುಡಿಮೆಯಾದ್ದರಿಂದ ನಾನು 75–80 ಗ್ರಾಂ ಹಾಕುತ್ತೇನೆ. ನಿಮ್ಮಂಥವರು ದಿನಕ್ಕೆ 400 ಗ್ರಾಂ ಧಾನ್ಯವನ್ನು ಸುಲಭವಾಗಿ ತಿನ್ನುತ್ತೀರಿ. ಅದರಲ್ಲಿ ಅರ್ಧ ಅಕ್ಕಿ, ಅರ್ಧ ಗೋಧಿಯಾದರೆ ಸುಮಾರು 36 ಗ್ರಾಂ ಪ್ರೋಟೀನ್. ಒಣ ಕಾಳು ಅಥವಾ ಬೇಳೆ 100 ಗ್ರಾಂ ಬೇಯಿಸಿದರೆ 22. ಒಂದು ಹಿಡಿ ಶೇಂಗಾ, ಅಂದರೆ 40 ಗ್ರಾಂ, 10 ಕೊಡುತ್ತದೆ. 30 ಗ್ರಾಂ ಸೋಯಾ ಕಾಳು ಇನ್ನು 11 ಸೇರಿಸುತ್ತದೆ. ಕೂಡಿದರೆ 79.

ಸಸ್ಯದ ಪ್ರೋಟೀನ್ ‘ಅಪೂರ್ಣ’ ಎಂದು ಜೊತೆಯವರು ಹೇಳಬಹುದು. ಪ್ರೋಟೀನ್ ಅಮೈನೊ ಆಮ್ಲಗಳೆಂಬ ಇಟ್ಟಿಗೆಗಳಿಂದ ಕಟ್ಟಿದ್ದು. ಧಾನ್ಯದಲ್ಲಿ ಲೈಸೀನ್ ಎಂಬ ಅಮೈನೊ ಆಮ್ಲ ಕಡಿಮೆ, ಕಾಳಿನಲ್ಲಿ ಅದು ಧಾರಾಳ. ಕಾಳಿನಲ್ಲಿ ಮಿಥಿಯೊನೀನ್ ಎಂಬ ಇನ್ನೊಂದು ಕಡಿಮೆ, ಧಾನ್ಯ ಅದನ್ನು ತುಂಬಿಕೊಡುತ್ತದೆ. ಎರಡನ್ನೂ ಒಂದೇ ತುತ್ತಿನಲ್ಲಿ ತಿನ್ನಬೇಕಿಲ್ಲ, ಒಂದೇ ದಿನದಲ್ಲಿ ತಿಂದರೆ ಸಾಕು. ಆದರೆ ಹೊಟ್ಟೆ ತುಂಬ ಅನ್ನ ತಿಂದು ಕಾಳನ್ನು ಎರಡು ಚಮಚಕ್ಕೆ ನಿಲ್ಲಿಸಿದರೆ ಮೇಲಿನ ಲೆಕ್ಕ ನಿಲ್ಲುವುದಿಲ್ಲ. ಜನ ಸೋಲುವುದು ಇಲ್ಲಿಯೇ.

ಕಬ್ಬಿಣಾಂಶದ ಬಗ್ಗೆಯೂ ಗಮನವಿರಲಿ. ಸಸ್ಯದ ಕಬ್ಬಿಣಾಂಶವನ್ನು ದೇಹ ಸ್ವಲ್ಪ ಮಾತ್ರ ಹೀರಿಕೊಳ್ಳುತ್ತದೆ. ಊಟದ ಜೊತೆ ನಿಂಬೆ, ಟೊಮೆಟೊ, ಸೀಬೆಹಣ್ಣಿನಂಥದ್ದು ಇದ್ದರೆ ಅದರ ಪ್ರಮಾಣ ಏರುತ್ತದೆ, ಊಟದ ಜೊತೆಗೇ ಚಹಾ ಅಥವಾ ಕಾಫಿ ಕುಡಿದರೆ ಇಳಿಯುತ್ತದೆ. ಚಹಾವನ್ನು ಊಟವಾದ ಒಂದು ಗಂಟೆಯ ಮೇಲೆ ಕುಡಿಯಿರಿ.

ಪ್ರಶ್ನೆ: ಕಾಳು ತಿಂದ ದಿನ ಹೊಟ್ಟೆಯುಬ್ಬರ ತಾಳಲಾಗದು. ಬಿಟ್ಟುಬಿಡಲೇ?

ಉತ್ತರ: ಬಿಡಬೇಡಿ, ಪ್ರಮಾಣ ಇಳಿಸಿ. ಕಾಳಿನಲ್ಲಿರುವ ರಾಫಿನೋಸ್, ಸ್ಟಾಕಿಯೋಸ್ ಎಂಬ ಸಕ್ಕರೆಗಳನ್ನು ಒಡೆಯುವ ಕಿಣ್ವ ನಮ್ಮ ಕರುಳಿನಲ್ಲಿಲ್ಲ. ಅವು ನೇರವಾಗಿ ದೊಡ್ಡ ಕರುಳಿಗೆ ಇಳಿದು ಅಲ್ಲಿನ ಬ್ಯಾಕ್ಟೀರಿಯಾಗಳ ಪಾಲಾಗುತ್ತವೆ, ವಾಯು ಹುಟ್ಟುವುದು ಆಗ. ಎಂಟು ಗಂಟೆ ನೆನೆಸಿ, ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಮೆತ್ತಗೆ ಬೇಯಿಸಿ. ಮೊದಲ ವಾರ ದಿನಕ್ಕೆ ಎರಡು ಚಮಚ ಬೆಂದ ಕಾಳು, ಎರಡನೆಯ ವಾರ ನಾಲ್ಕು. ಸಿಪ್ಪೆ ತೆಗೆದ ಬೇಳೆಯಿಂದ ಆರಂಭಿಸಿದರೆ ಇನ್ನೂ ಸುಲಭ. ಒಂದು ತಿಂಗಳ ಹೊತ್ತಿಗೆ ಹೆಚ್ಚಿನವರ ಹೊಟ್ಟೆ ಹೊಂದಿಕೊಂಡದ್ದನ್ನು ನೋಡಿದ್ದೇನೆ.

ಒಂದು ಎಚ್ಚರಿಕೆಯನ್ನು ದಯವಿಟ್ಟು ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿ. ಕೆಂಪು ರಾಜ್ಮಾವನ್ನು ಅರೆಬೆಂದಂತೆ ತಿನ್ನಲೇಬಾರದು. ಅದರಲ್ಲಿರುವ ಲೆಕ್ಟಿನ್ ಎಂಬ ಅಂಶ ನಾಲ್ಕೈದು ಹಸಿ ಕಾಳಿನಷ್ಟರಿಂದಲೇ ತೀವ್ರ ವಾಂತಿ ತರಿಸಬಲ್ಲದು. ನೆನೆಸಿದ ನೀರನ್ನು ಚೆಲ್ಲಿ, ಕನಿಷ್ಠ 10 ನಿಮಿಷ ಕೊತಕೊತ ಕುದಿಸಿ, ಆಮೇಲೆ ಮೆತ್ತಗಾಗುವವರೆಗೆ ಬೇಯಿಸಿ. ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಇಟ್ಟರೂ ಕುದಿ ಬರದಿದ್ದರೆ ಆ ವಿಷ ಹೋಗುವುದಿಲ್ಲ.

ಪ್ರಶ್ನೆ: ಅಮ್ಮಾ, ನನಗೆ 22 ವರ್ಷ. ಮೂರು ವರ್ಷಗಳಿಂದ ಹಾಲು, ಮೊಟ್ಟೆ ಸಹಿತ ಎಲ್ಲವನ್ನೂ ಬಿಟ್ಟಿದ್ದೇನೆ. ಬಿ12 ಜೀವಸತ್ವದ ಮಾತ್ರೆ ಕೃತಕವೆಂದು ತೆಗೆದುಕೊಳ್ಳುವುದಿಲ್ಲ, ಅದಕ್ಕೆ ಬದಲಾಗಿ ಸ್ಪಿರುಲಿನಾ ಎಂಬ ಪಾಚಿಯ ಪುಡಿ ತಿನ್ನುತ್ತೇನೆ. ಎರಡು ತಿಂಗಳಿಂದ ಪಾದಗಳಲ್ಲಿ ಜುಮ್ಮೆನ್ನುತ್ತದೆ. ಬೇಗ ಸುಸ್ತಾಗುತ್ತದೆ. ಇದು ದೇಹ ಶುದ್ಧವಾಗುತ್ತಿರುವ ಲಕ್ಷಣ ಎಂದು ಗೆಳತಿ ಹೇಳುತ್ತಾಳೆ.

ಉತ್ತರ: ಮಗಳೇ, ಈ ಪತ್ರಿಕೆಯನ್ನು ಇಲ್ಲಿಯೇ ಮಡಚಿಟ್ಟು ವೈದ್ಯರನ್ನು ಕಾಣುವ ಏರ್ಪಾಡು ಮಾಡಿಕೊಂಡು ಬಾ. ಉಳಿದದ್ದನ್ನು ಆಮೇಲೆ ಓದು. ನಿನ್ನ ವಿಳಾಸಕ್ಕೆ ಇದೇ ಮಾತನ್ನು ಬರೆದು ಅಂಚೆಯಲ್ಲೂ ಕಳುಹಿಸಿದ್ದೇನೆ.

ನನಗಿಂತ ನಾಲ್ಕು ವರ್ಷ ದೊಡ್ಡವಳಾದ ಅಕ್ಕ ನಿನ್ನ ಹಾಗೆಯೇ ಪ್ರಾಣಿಮೂಲದ್ದೆಲ್ಲವನ್ನೂ ಬಿಟ್ಟವಳು. ಪ್ರಾಣಿಗಳ ಮೇಲಿನ ಅವಳ ಕರುಣೆಯನ್ನು ನಾನು ಇಂದಿಗೂ ಗೌರವಿಸುತ್ತೇನೆ. ಆರು ವರ್ಷ ಚೆನ್ನಾಗಿದ್ದಳು. ಆಮೇಲೆ ಚಪ್ಪಲಿ ಕಾಲಿನಿಂದ ಜಾರಿಹೋದರೂ ತಿಳಿಯುವುದಿಲ್ಲ ಎಂದು ಹೇಳತೊಡಗಿದಳು. ಕತ್ತಲಲ್ಲಿ ನಡೆಯುವಾಗ ಗೋಡೆ ಹಿಡಿಯುತ್ತಿದ್ದಳು. ಮೊದಲು ನೋಡಿದ ವೈದ್ಯರು ವಯಸ್ಸಿನ ಕಾರಣ ಎಂದರು. ರಕ್ತದಲ್ಲಿ ಬಿ12 ತೀರಾ ಕೆಳಗಿದೆ ಎಂದು ಗೊತ್ತಾಗುವ ಹೊತ್ತಿಗೆ ಒಂದೂವರೆ ವರ್ಷ ಕಳೆದಿತ್ತು. ಚುಚ್ಚುಮದ್ದು ಕೊಟ್ಟ ಮೇಲೆ ಸುಸ್ತು ವಾರಗಳಲ್ಲಿ ಹೋಯಿತು, ಜುಮ್ಮೆನ್ನುವುದು ತಿಂಗಳುಗಳಲ್ಲಿ ಕಡಿಮೆಯಾಯಿತು, ಎಡಪಾದದ ಸ್ಪರ್ಶ ಮಾತ್ರ ಮರಳಲಿಲ್ಲ. ನೂರಾರು ರೋಗಿಗಳಿಗೆ ಏನು ತಿನ್ನುತ್ತೀರಿ, ಏನು ಬಿಟ್ಟಿದ್ದೀರಿ ಎಂದು ಕೇಳಿದ ನಾನು ಒಡಹುಟ್ಟಿದವಳನ್ನು ಒಮ್ಮೆಯೂ ಕೇಳಿರಲಿಲ್ಲ. ಆ ನೋವು ಹೋಗಿಲ್ಲ.

ಬಿ12 ಅನ್ನು ಗಿಡಗಳೂ ತಯಾರಿಸುವುದಿಲ್ಲ, ಪ್ರಾಣಿಗಳೂ ತಯಾರಿಸುವುದಿಲ್ಲ. ಅದನ್ನು ತಯಾರಿಸುವುದು ಕೆಲವು ಸೂಕ್ಷ್ಮಜೀವಿಗಳು ಮಾತ್ರ. ಮಾತ್ರೆಯಲ್ಲಿರುವ ಬಿ12 ಕೂಡ ಬ್ಯಾಕ್ಟೀರಿಯಾ ಬೆಳೆಸಿಯೇ ಪಡೆದದ್ದು, ಆದ್ದರಿಂದ ಅದನ್ನು ಕೃತಕವೆಂದು ದೂರ ಮಾಡಬೇಕಾಗಿಲ್ಲ. ಸ್ಪಿರುಲಿನಾದಲ್ಲಿ ಇರುವುದು ಹೆಚ್ಚಾಗಿ ನಮ್ಮ ದೇಹಕ್ಕೆ ಒಗ್ಗದ ಹುಸಿರೂಪ. ಯಕೃತ್ತಿನಲ್ಲಿ ಈ ಜೀವಸತ್ವದ ಸಂಗ್ರಹ ವರ್ಷಗಟ್ಟಲೆ ಉಳಿಯುವುದರಿಂದ ಮೊದಲು ಏನೂ ಗೊತ್ತಾಗುವುದಿಲ್ಲ. ಇನ್ನೊಂದು ಅಪಾಯವೂ ಇದೆ. ಸೊಪ್ಪು, ಕಾಳುಗಳಲ್ಲಿ ಫೋಲೇಟ್ ಎಂಬ ಇನ್ನೊಂದು ಬಿ ಜೀವಸತ್ವ ಹೇರಳ. ಅದು ರಕ್ತಹೀನತೆಯನ್ನು ಮರೆಮಾಚಬಹುದು, ಅತ್ತ ನರಗಳ ಹಾನಿ ಸದ್ದಿಲ್ಲದೆ ಮುಂದುವರಿಯುತ್ತದೆ. ಹಾಗಾಗಿ ಹಿಮೋಗ್ಲೋಬಿನ್ ಸರಿಯಿದೆ ಎಂಬ ಒಂದೇ ಮಾತಿಗೆ ಸಮಾಧಾನಪಡಬೇಡ. ಬಿ12 ಪರೀಕ್ಷೆಯನ್ನು ಹೆಸರು ಹೇಳಿ ಕೇಳು, ಸ್ಪಿರುಲಿನಾ ತಿನ್ನುತ್ತಿರುವುದನ್ನೂ ಹೇಳು.

ನಿನ್ನ ಆಹಾರದ ನಿರ್ಧಾರವನ್ನು ಬದಲಿಸು ಎಂದು ನಾನು ಹೇಳುತ್ತಿಲ್ಲ. ವಯಸ್ಕರಿಗೆ ದಿನಕ್ಕೆ ಬೇಕಾದದ್ದು ಸುಮಾರು 2.4 ಮೈಕ್ರೋಗ್ರಾಂ, ಆದರೆ ಮಾತ್ರೆಯಿಂದ ದೇಹ ಹೀರುವುದು ಸ್ವಲ್ಪವೇ. ಪ್ರಾಣಿಮೂಲದ್ದೆಲ್ಲವನ್ನೂ ಬಿಟ್ಟವರ ಸಂಘ, 1944ರಲ್ಲಿ ಬ್ರಿಟನ್ನಿನಲ್ಲಿ ಆರಂಭವಾದ ವೀಗನ್ ಸೊಸೈಟಿಯೇ ತನ್ನವರಿಗೆ ದಿನಕ್ಕೆ 10 ಮೈಕ್ರೋಗ್ರಾಂ ಅಥವಾ ವಾರಕ್ಕೆ 2000 ಮೈಕ್ರೋಗ್ರಾಂ ಮಾತ್ರೆ ತೆಗೆದುಕೊಳ್ಳಿ ಎನ್ನುತ್ತದೆ. ಆದರೆ ಅದು ಆರೋಗ್ಯವಾಗಿರುವವರಿಗೆ. ನಿನ್ನ ಚಿಕಿತ್ಸೆಯ ಪ್ರಮಾಣವನ್ನು ವೈದ್ಯರು ತೀರ್ಮಾನಿಸಲಿ. ಜುಮ್ಮೆನ್ನುವ ಪಾದ ಶುದ್ಧಿಯ ಲಕ್ಷಣವಲ್ಲ, ಗೆಳತಿಗೂ ಇದನ್ನು ಓದಿ ಹೇಳು.

ಪ್ರಶ್ನೆ: ನಾವು ಹುಟ್ಟಿನಿಂದಲೇ ಸಸ್ಯಾಹಾರಿಗಳು. ಈ ಉಪದೇಶ ನಮಗೆ ಅನ್ವಯಿಸುವುದಿಲ್ಲ ಅಲ್ಲವೇ?

ಉತ್ತರ: ಅನ್ವಯಿಸುತ್ತದೆ. ಮಾಂಸವಿಲ್ಲದ ತಟ್ಟೆ ತಾನಾಗಿಯೇ ಒಳ್ಳೆಯ ತಟ್ಟೆಯಾಗುವುದಿಲ್ಲ. ಪಾಲಿಶ್ ಮಾಡಿದ ಅಕ್ಕಿ, ಮೈದಾ, ಸಕ್ಕರೆ, ಕರಿದ ಆಲೂಗಡ್ಡೆ, ಎಲ್ಲವೂ ಸಸ್ಯವೇ. ಸಕ್ಕರೆ ಕಾಯಿಲೆಯ ವಾರ್ಡಿನಲ್ಲಿ ಜೀವಮಾನದಲ್ಲಿ ಮಾಂಸ ಮುಟ್ಟದ ಎಷ್ಟೋ ಜನರಿಗೆ ನಾನು ಊಟ ಬಡಿಸಿದ್ದೇನೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು–ತರಕಾರಿ, 25 ಗ್ರಾಂ ನಾರು. ನಿಮ್ಮ ಮನೆಯ ಒಂದು ದಿನದ ತರಕಾರಿಯನ್ನು ತೂಗಿ, ತಲೆಗಳಿಂದ ಭಾಗಿಸಿ ನೋಡಿ. ಆಲೂಗಡ್ಡೆಯನ್ನು ಅದರಲ್ಲಿ ಸೇರಿಸಬೇಡಿ.

ಭೂಮಿಯ ಲೆಕ್ಕದಲ್ಲಿಯೂ ಅಷ್ಟೇ. ನಾನು ಮೇಲೆ ಹೇಳಿದ ಅಧ್ಯಯನದಲ್ಲಿ 100 ಗ್ರಾಂ ಪ್ರೋಟೀನಿಗೆ ಚೀಸ್ ಸುಮಾರು 11 ಕಿಲೋ ಅನಿಲಕ್ಕೆ ಕಾರಣವಾಗುತ್ತದೆ, ಅಂದರೆ ಕೋಳಿಯ ಸುಮಾರು ಎರಡರಷ್ಟು. ಹಾಲನ್ನು ಬಿಡಿ ಎಂದು ನಾನು ಹೇಳುವುದಿಲ್ಲ. ಮೇಲೆ ಹೇಳಿದ ಈಟ್-ಲ್ಯಾನ್ಸೆಟ್ ಆಯೋಗದ ಅಳತೆಯಲ್ಲೂ ದಿನಕ್ಕೆ ಸುಮಾರು 250 ಗ್ರಾಂ ಹಾಲಿಗೆ ಜಾಗವಿದೆ. ಬೆಣ್ಣೆ, ಚೀಸ್‌ಗಳನ್ನು ಮಾಂಸದ ಜಾಗದಲ್ಲಿ ಕೂರಿಸಬೇಡಿ, ಆ ಜಾಗ ಕಾಳಿನದು. ಎಸೆಯುವ ಆಹಾರದ ಕಡೆಗೂ ನೋಡಿ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಅಂದಾಜಿನಂತೆ 2022ರಲ್ಲಿ ಜಗತ್ತಿನಲ್ಲಿ ಅಂಗಡಿ, ಹೋಟೆಲು, ಮನೆಗಳಿಂದ ಕಸಕ್ಕೆ ಹೋದ ಆಹಾರ 105 ಕೋಟಿ ಟನ್, ಅದರಲ್ಲಿ ಹೆಚ್ಚಿನ ಪಾಲು ಮನೆಗಳದ್ದೇ.

ಪ್ರಶ್ನೆ: ದೂರದಿಂದ ಬಂದ ಕಾಳಿಗಿಂತ ಹತ್ತಿರದಲ್ಲೇ ಸಾಕಿದ ದನದ ಮಾಂಸವೇ ಭೂಮಿಗೆ ಒಳ್ಳೆಯದಂತೆ, ನಿಜವೇ?

ಉತ್ತರ: ಅಲ್ಲ. ಹೆಚ್ಚಿನ ಆಹಾರಗಳಲ್ಲಿ ಸಾಗಣೆಯ ಪಾಲು ಚಿಕ್ಕದು, ದನದ ಮಾಂಸದಲ್ಲಂತೂ ಒಟ್ಟು ಅನಿಲದ ನೂರನೇ ಒಂದು ಭಾಗವೂ ಇಲ್ಲ. ವಿಮಾನದಲ್ಲಿ ಬರುವ ಬೇಗ ಕೆಡುವ ಹಣ್ಣು–ತರಕಾರಿ ಮಾತ್ರ ಬೇರೆ ಲೆಕ್ಕ. ಕಾಳು ಹಡಗಿನಲ್ಲಿ ಬರುತ್ತದೆ.

ಪ್ರಶ್ನೆ: ಸಾಸೇಜ್, ಹ್ಯಾಮ್ ವಾರದಲ್ಲಿ ಐದು ದಿನ ತಿನ್ನುತ್ತೇನೆ. ಕ್ಯಾನ್ಸರ್ ಬರುತ್ತದೆ ಎಂಬುದು ಹೆದರಿಸುವ ಮಾತೇ?

ಉತ್ತರ: 2015ರಲ್ಲಿ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಸಂಸ್ಕರಿಸಿದ ಮಾಂಸವನ್ನು ತಂಬಾಕು ಇರುವ ಮೊದಲ ಗುಂಪಿಗೆ ಸೇರಿಸಿತು. ಪುರಾವೆ ಅಷ್ಟು ಗಟ್ಟಿಯಾಗಿದೆ ಎಂಬುದು ಇದರ ಅರ್ಥ, ಎರಡೂ ಸಮಾನ ಅಪಾಯಕಾರಿ ಎಂದಲ್ಲ. ದಿನಕ್ಕೆ 50 ಗ್ರಾಂ ತಿನ್ನುವವರಲ್ಲಿ ದೊಡ್ಡ ಕರುಳಿನ ಕ್ಯಾನ್ಸರಿನ ಸಾಧ್ಯತೆ ತಿನ್ನದವರಿಗಿಂತ ಸುಮಾರು 18% ಹೆಚ್ಚು. ನೂರಕ್ಕೆ ಹದಿನೆಂಟು ಜನರಿಗೆ ಬರುತ್ತದೆ ಎಂದು ಓದಿಕೊಳ್ಳಬೇಡಿ. ಒಟ್ಟು ಮಾಂಸದಲ್ಲಿ ಏನನ್ನಾದರೂ ಮೊದಲು ಬಿಡುವುದಿದ್ದರೆ ಇದನ್ನೇ ಬಿಡಿ.

ಪ್ರಶ್ನೆ: ಮೂತ್ರಪಿಂಡದ ತೊಂದರೆಯಿದೆ. ಕಾಳು, ಸೊಪ್ಪು ಹೆಚ್ಚಿಸಬಹುದೇ?

ಉತ್ತರ: ಕಾಳು, ಸೊಪ್ಪಿನಲ್ಲಿ ಹೇರಳವಾಗಿರುವ ಪೊಟ್ಯಾಸಿಯಂ ನಿಮ್ಮ ರಕ್ತದಲ್ಲಿ ಎಷ್ಟಿದೆ ಎಂದು ನೋಡದೆ ಯಾರೂ ಇದಕ್ಕೆ ಉತ್ತರ ಹೇಳಬಾರದು. ವರದಿ ಹಿಡಿದು ನಿಮ್ಮ ವೈದ್ಯರ ಬಳಿಗೆ ಹೋಗಿ. ರಕ್ತ ತೆಳುವಾಗಿಸಲು ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರೂ ಸೊಪ್ಪನ್ನು ಏಕಾಏಕಿ ಹೆಚ್ಚಿಸಬಾರದು, ಅದರ ಕೆ ಜೀವಸತ್ವ ಮಾತ್ರೆಯ ಕೆಲಸವನ್ನು ತಗ್ಗಿಸುತ್ತದೆ.

ಪ್ರಶ್ನೆ: ವಯಸ್ಸು 68. ಹೆಂಡತಿ ತೀರಿಕೊಂಡು ಎಂಟು ತಿಂಗಳಾಯಿತು. ರಕ್ತದೊತ್ತಡವಿದೆ. ಕಾಳು, ತರಕಾರಿ ಹೆಚ್ಚು ತಿನ್ನಿ ಎನ್ನುತ್ತಾರೆ ವೈದ್ಯರು. ಅನ್ನ ಮಾಡುವುದೊಂದೇ ಗೊತ್ತು. ಅಡುಗೆಮನೆಯ ಡಬ್ಬಿಗಳ ಮೇಲೆ ಅವಳ ಕೈಬರಹದ ಚೀಟಿಗಳು ಹಾಗೆಯೇ ಇವೆ. ಅವುಗಳನ್ನು ತೆರೆಯಲು ಮನಸ್ಸು ಬರುತ್ತಿಲ್ಲ.

ಉತ್ತರ: ನಿಮ್ಮ ಪತ್ರವನ್ನು ಎರಡು ದಿನ ಇಟ್ಟುಕೊಂಡಿದ್ದೆ, ಅಣ್ಣ. ನಿಮಗೆ ಏಳೆಂಟು ಪದಾರ್ಥ ಕಲಿಸುವುದಿಲ್ಲ, ಒಂದೇ ಒಂದನ್ನು ಹೇಳುತ್ತೇನೆ.

ಒಂದು ಲೋಟ ಕಡಲೆಗೆ ಮೂರು ಲೋಟ ನೀರು ಹಾಕಿ ರಾತ್ರಿ ಮುಚ್ಚಿಡಿ. ಬೆಳಿಗ್ಗೆ ಅದು ಉಬ್ಬಿ ಹೆಚ್ಚುಕಡಿಮೆ ಎರಡರಷ್ಟಾಗಿರುತ್ತದೆ. ನೀರು ಚೆಲ್ಲಿ, ತೊಳೆದು, ಮುಳುಗುವಷ್ಟು ಹೊಸ ನೀರು ಹಾಕಿ ಕುಕ್ಕರಿನಲ್ಲಿ ಬೇಯಿಸಿ. ಒಂದು ಕಾಳನ್ನು ಬೆರಳುಗಳ ನಡುವೆ ಒತ್ತಿದರೆ ಹಿಟ್ಟಾಗಬೇಕು, ಇಲ್ಲದಿದ್ದರೆ ಇನ್ನೂ ಸ್ವಲ್ಪ ಹೊತ್ತು. ಅದನ್ನು ಮೂರು ಬಟ್ಟಲುಗಳಿಗೆ ಹಂಚಿ ಫ್ರಿಜ್‌ನಲ್ಲಿ ಇಡಿ, ಮೂರು ದಿನಕ್ಕೆ ಸಾಕು. ಊಟದ ಹೊತ್ತಿಗೆ ಒಂದು ಚಮಚ ಎಣ್ಣೆಯಲ್ಲಿ ಈರುಳ್ಳಿ, ಟೊಮೆಟೊ ಬಾಡಿಸಿ, ಕೈಗೆ ಸಿಕ್ಕ ಸೊಪ್ಪು ಹಾಕಿ, ಒಂದು ಬಟ್ಟಲು ಕಡಲೆ ಸೇರಿಸಿ ಐದು ನಿಮಿಷ ಬೇಯಿಸಿ. ಉಪ್ಪು ಕಡಿಮೆ ಮಾಡಿ, ಕೊನೆಯಲ್ಲಿ ನಿಂಬೆರಸ ಹಿಂಡಿ. ಹುಳಿ ಇದ್ದರೆ ಉಪ್ಪಿನ ಕೊರತೆ ನಾಲಿಗೆಗೆ ಅಷ್ಟಾಗಿ ತಿಳಿಯುವುದಿಲ್ಲ. ನಿಮಗೆ ಬರುವ ಅನ್ನವೇ ಇದಕ್ಕೆ ಜೊತೆ. ಮುಂದಿನ ವಾರ ಕಡಲೆಯ ಬದಲು ಬಟಾಣಿ ಹಾಕಿ, ಉಳಿದದ್ದೆಲ್ಲ ಹಾಗೆಯೇ.

ಡಬ್ಬಿಗಳ ಮೇಲಿನ ಚೀಟಿಗಳನ್ನು ಕೀಳಬೇಡಿ. ಕಡಲೆ ಯಾವುದರಲ್ಲಿದೆ ಎಂದು ಅವರೇ ನಿಮಗೆ ಬರೆದಿಟ್ಟು ಹೋಗಿದ್ದಾರೆ. ಇಂದು ರಾತ್ರಿ ಒಂದು ಲೋಟ ನೆನೆಹಾಕಿ.